ಯುಂಗ್‌ಫ್ರೌ ರೈಲು ಶಿಖರದವರೆಗೆ ಏಕೆ ಹೋಗುವುದಿಲ್ಲ?

ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಖ್ 3454 ಮೀಟರ್ ಎತ್ತರದಲ್ಲಿರುವ, ಯೂರೋಪಿನಲ್ಲೇ ಅತಿ ಎತ್ತರದ ರೈಲು ನಿಲ್ದಾಣ. ಭಾರತದಿಂದ ಹೋಗುವ ಪ್ರವಾಸಿಗಳಲ್ಲಿ ಹೆಚ್ಚಿನವರು ಇಲ್ಲಿ ಹಿಮ ಮುಟ್ಟಿ, ಫೋಟೊ ತೆಗೆಸಿಕೊಂಡು, ಯುಂಗ್‌ಫ್ರೌ ಹತ್ತಿ ಬಂದೆವೆಂದು ಹೇಳುತ್ತಾರೆ. ಆದರೆ ಯೋಖ್ ಎಂಬುದು ಯುಂಗ್‌ಫ್ರೌ ಮತ್ತು ಮೋಂಖ್ ಶಿಖರಗಳ ನಡುವಿನ ತಗ್ಗು. ಶಿಖರ ಅಲ್ಲಿಂದ ಇನ್ನೂ 704 ಮೀಟರ್ ಮೇಲಿದೆ. ಈ ರೈಲನ್ನು ಯೋಜಿಸಿದವರ ಉದ್ದೇಶ ಮಾತ್ರ ತಗ್ಗಿನಲ್ಲಿ ನಿಲ್ಲುವುದಾಗಿರಲಿಲ್ಲ.

1893ರ ಆಗಸ್ಟ್‌ನಲ್ಲಿ ಜ್ಯೂರಿಕ್‌ನ ಉದ್ಯಮಿ ಆಡಾಲ್ಫ್ ಗುಯರ್-ಜೆಲ್ಲರ್ ಮ್ಯೂರೆನ್ ಊರಿನ ಮೇಲಿನ ಬೆಟ್ಟದಲ್ಲಿ ಮಗಳೊಡನೆ ನಡೆಯುತ್ತಿದ್ದಾಗ, ಆ ವರ್ಷವಷ್ಟೇ ಆರಂಭವಾಗಿದ್ದ ವೆಂಗರ್ನ್‌ಆಲ್ಪ್ ರೈಲು ಎದುರಿನ ಇಳಿಜಾರಿನಲ್ಲಿ ಕ್ಲೈನ ಷೈಡೆಗ್ ಕಡೆಗೆ ಏರುವುದನ್ನು ಕಂಡರು. ಯುಂಗ್‌ಫ್ರೌಗೆ ರೈಲು ಹಾಕುವ ಯೋಜನೆಗಳು ಅದಕ್ಕೂ ಮೊದಲೇ ಬಂದುಹೋಗಿದ್ದವು, ಆದರೆ ಅವೆಲ್ಲ ಕಣಿವೆಯ ತಳದಿಂದಲೇ ಹೊರಡುವಂಥವು. ಆಗಲೇ 2061 ಮೀಟರ್ ಎತ್ತರ ತಲುಪಿದ್ದ ಹಳಿಯ ತುದಿಯಿಂದಲೇ ಏಕೆ ಹೊರಡಬಾರದು ಎಂಬುದು ಗುಯರ್-ಜೆಲ್ಲರ್ ಅವರಿಗೆ ಹೊಳೆದದ್ದು. ಅದೇ ರಾತ್ರಿ ಹೋಟೆಲಿನ ಕೋಣೆಯಲ್ಲಿ ಅವರು ನಕ್ಷೆ ಗೀಚಿದರು: ಐಗರ್ ಮತ್ತು ಮೋಂಖ್ ಪರ್ವತಗಳ ಒಡಲಿನೊಳಗೆ ಸುರಂಗ, ಯುಂಗ್‌ಫ್ರೌ ನೆತ್ತಿಯ ಕೆಳಗೆ ಕೊನೆಯ ನಿಲ್ದಾಣ, ಅಲ್ಲಿಂದ ತುದಿಗೆ ಲಿಫ್ಟ್.

ಅನುಮತಿಗೆ ಎದುರಾದ ಒಂದು ಪ್ರಶ್ನೆ ಇಂದು ವಿಚಿತ್ರವೆನಿಸಬಹುದು, ಆಗ ಅದು ನಿಜವಾದ ಆತಂಕವಾಗಿತ್ತು. ಮೈ ದಣಿಸಿಕೊಳ್ಳದೆ, ಕೆಲವೇ ಗಂಟೆಗಳಲ್ಲಿ ಅಷ್ಟು ಎತ್ತರಕ್ಕೆ ಏರಿಬಿಟ್ಟರೆ ಸಾಮಾನ್ಯ ಮನುಷ್ಯನ ದೇಹ ತಾಳುತ್ತದೆಯೇ? ಬರ್ನ್‌ನ ಶರೀರವಿಜ್ಞಾನಿ ಹ್ಯೂಗೋ ಕ್ರೋನೆಕರ್ 1894ರಲ್ಲಿ ಕೆಲವರನ್ನು ಕುರ್ಚಿಯಲ್ಲಿ ಕೂರಿಸಿ, ಆಳುಗಳಿಂದ ಹೊರಿಸಿ, ತ್ಸೆರ್ಮಾಟ್ ಬಳಿಯ ಬ್ರೈಟ್‌ಹಾರ್ನ್ ಪರ್ವತಕ್ಕೆ ಕೊಂಡೊಯ್ದು ನಾಡಿ, ಉಸಿರುಗಳನ್ನು ಪರೀಕ್ಷಿಸಿದರು. ರೈಲಿನಲ್ಲಿ ಕೂತವನ ಸ್ಥಿತಿಯನ್ನು ರೈಲೇ ಇಲ್ಲದ ಕಾಲದಲ್ಲಿ ಅಳೆಯಲು ಅದಕ್ಕಿಂತ ಸರಳ ದಾರಿ ಇರಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಅನುಮತಿ ದೊರೆಯಿತು.

1896ರ ಜುಲೈನಲ್ಲಿ ಕೆಲಸ ಆರಂಭವಾಯಿತು. ಇದಕ್ಕೆ ಬಳಸಿದ್ದು ಹಳಿಗಳ ನಡುವೆ ಹಲ್ಲುಪಟ್ಟಿ ಹಾಕಿ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುವ ವ್ಯವಸ್ಥೆ. ಊಟಿ ರೈಲಿನಲ್ಲಿ ಕೂತವರು ಇದೇ ತತ್ತ್ವವನ್ನು ಕಂಡಿರುತ್ತಾರೆ. ನೀಲಗಿರಿಯ ಹಲ್ಲುಹಳಿ ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್ ಅವರ ವಿನ್ಯಾಸ, ಇಲ್ಲಿಯದು ಇನ್ನೊಬ್ಬ ಸ್ವಿಸ್ ಎಂಜಿನಿಯರ್ ಎಮಿಲ್ ಸ್ಟ್ರೂಬ್ ಅವರದು. ಆದರೆ ನೀಲಗಿರಿಯಲ್ಲಿ ಅತಿ ಕಡಿದಾದ ಏರು 12 ಮೀಟರಿಗೆ ಒಂದು ಮೀಟರ್, ಇಲ್ಲಿ ನಾಲ್ಕು ಮೀಟರಿಗೆ ಒಂದು. ಸುರಂಗದಲ್ಲಿ ಹೊಗೆ ಕಾರುವ ಎಂಜಿನ್ ಸಲ್ಲದೆಂದು ಆರಂಭದಿಂದಲೇ ವಿದ್ಯುತ್ತನ್ನು ಆರಿಸಿದ್ದು ಗುಯರ್-ಜೆಲ್ಲರ್ ಅವರ ದೂರದೃಷ್ಟಿ ಎನ್ನಲೇಬೇಕು. ಕಣಿವೆಯ ನದಿನೀರಿನಿಂದಲೇ ಆ ವಿದ್ಯುತ್ ಬಂತು.

ಏಳು ವರ್ಷದಲ್ಲಿ ಮುಗಿಯಬೇಕಿದ್ದ ಕೆಲಸ ಹದಿನಾರು ವರ್ಷ ಹಿಡಿಯಿತು. ಬಂಡೆ ಕೊರೆದವರಲ್ಲಿ ಹೆಚ್ಚಿನವರು ಇಟಲಿಯಿಂದ ಬಂದ ಕೂಲಿಗಳು. ಚಳಿಗಾಲದಲ್ಲಿ ಕೆಳಗಿನ ಊರುಗಳ ಸಂಪರ್ಕ ಕಡಿದುಹೋದಾಗಲೂ ಅವರು ಹಿಮನದಿಯಂಚಿನ ಬಿಡಾರದಲ್ಲೇ ಉಳಿದು ದುಡಿದರು. 1899ರ ಫೆಬ್ರವರಿಯ ಸ್ಫೋಟವೊಂದರಲ್ಲಿ ಆರು ಮಂದಿ ಸತ್ತರು. ಒಟ್ಟಾರೆ ಈ ಕೆಲಸ 30 ಕಾರ್ಮಿಕರ ಜೀವ ತೆಗೆದುಕೊಂಡಿತು. ಇಂದಿಗೂ ಈ ರೈಲಿನ ಕಥೆ ಒಬ್ಬ ಉದ್ಯಮಿಯ ಕನಸಾಗಿಯೇ ಹೆಚ್ಚು ಹೇಳಲ್ಪಡುತ್ತಿರುವುದು ನ್ಯಾಯವಲ್ಲ. ಆ ಉದ್ಯಮಿಯೂ 1899ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆ ಹೊತ್ತಿಗೆ ರೈಲು ಓಡುತ್ತಿದ್ದುದು ಸುರಂಗಕ್ಕೂ ಮೊದಲಿನ ಐಗರ್‌ಗ್ಲೆಚರ್ ನಿಲ್ದಾಣದವರೆಗೆ ಮಾತ್ರ.

ನಂತರದ್ದು ಬಹುಪಾಲು ಹಣದ ಕಥೆ. 1905ರಲ್ಲಿ ಸುರಂಗ ಐಗರ್ ಒಡಲಿನ ಐಸ್‌ಮೇರ್ ನಿಲ್ದಾಣ ತಲುಪುವಷ್ಟರಲ್ಲಿ ಬೊಕ್ಕಸ ಬರಿದಾಗಿತ್ತು. ಶಿಖರದ ಆಸೆಯನ್ನು ಪಕ್ಕಕ್ಕಿಟ್ಟು ಯೋಖ್‌ವರೆಗಾದರೂ ಮುಗಿಸುವುದೆಂದು ಕೊನೆಗೆ ತೀರ್ಮಾನವಾಯಿತು. 1912ರ ಫೆಬ್ರವರಿ 21ರಂದು ಕೊನೆಯ ಬಂಡೆ ಒಡೆದು, ಆಗಸ್ಟ್ 1ರಂದು, ಸ್ವಿಸ್ ರಾಷ್ಟ್ರೀಯ ದಿನದಂದೇ, ಸಂಚಾರ ಶುರುವಾಯಿತು. ಖರ್ಚು ಸುಮಾರು ಒಂದೂವರೆ ಕೋಟಿ ಫ್ರಾಂಕ್. ಅಷ್ಟರಲ್ಲಿ ಜನರ ಮನಸ್ಸೂ ಬದಲಾಗಿತ್ತು. ಮ್ಯಾಟರ್‌ಹಾರ್ನ್ ನೆತ್ತಿಗೆ ರೈಲು ಹಾಕುವ ಇನ್ನೊಂದು ಯೋಜನೆಯ ವಿರುದ್ಧ ಸುಮಾರು 70 ಸಾವಿರ ಜನ ಸಹಿ ಹಾಕಿದ್ದರು, ಆ ರೈಲು ಬರಲೇ ಇಲ್ಲ. ಯುಂಗ್‌ಫ್ರೌ ರೈಲನ್ನು ತಡೆದದ್ದು ಇಂಥ ಪ್ರತಿಭಟನೆಯಲ್ಲ, ಖಾಲಿ ಖಜಾನೆ. ಆದರೂ ಹಣ ಹೊಂದಿಸಿಕೊಂಡು ಶಿಖರದ ಮಾತನ್ನು ಮತ್ತೆ ಎತ್ತುವುದು ಆಮೇಲೆ ಸುಲಭವಿರಲಿಲ್ಲ.

ಅರ್ಧಕ್ಕೆ ನಿಂತರೂ ಈ ಹಾದಿ ಅದನ್ನು ಕೊರೆದವರು ಎಣಿಸದ ಕೆಲಸಗಳಿಗೆ ಒದಗಿತು. ಅಗೆದ ಕಲ್ಲನ್ನು ಹೊರಗೆ ಸುರಿಯಲು ಐಗರ್‌ನ ಉತ್ತರದ ಗೋಡೆಯಲ್ಲಿ ಕಿಂಡಿಗಳನ್ನು ಕೊರೆದಿದ್ದರು. 1936ರ ಜುಲೈನಲ್ಲಿ ಆ ಗೋಡೆ ಹತ್ತಲು ಹೋದ ನಾಲ್ವರಲ್ಲಿ ಮೂವರು ಸತ್ತು, ಟೋನಿ ಕುರ್ಟ್ಸ್ ಒಬ್ಬನೇ ಹಗ್ಗದಲ್ಲಿ ಉಳಿದಾಗ, ರಕ್ಷಣೆಗೆ ಬಂದ ಮಾರ್ಗದರ್ಶಕರು ರೈಲಿನಲ್ಲಿ ಬಂದು ಅಂಥದೊಂದು ಕಿಂಡಿಯಿಂದಲೇ ಗೋಡೆಗೆ ಇಳಿದರು. ಎರಡು ಹಗ್ಗ ಕೂಡಿಸಿದ ಗಂಟು ಕೊಕ್ಕೆಯಲ್ಲಿ ಸಿಕ್ಕಿಕೊಂಡು, ಮರಗಟ್ಟಿದ ಕೈಯಿಂದ ಅದನ್ನು ಬಿಡಿಸಲಾಗದೆ, ಅವರಿಗೆ ಇನ್ನೇನು ಎಟುಕಬೇಕೆನ್ನುವಷ್ಟು ಹತ್ತಿರದಲ್ಲಿ ಅವನು ಪ್ರಾಣ ಬಿಟ್ಟನು. ಯೋಖ್‌ನಲ್ಲಿ 1931ರಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಗಾಳಿಯಲ್ಲಿನ ಹಸಿರುಮನೆ ಅನಿಲಗಳನ್ನು ಇಂದು ಅಲ್ಲಿ ಅಳೆಯಲಾಗುತ್ತದೆ. ಅದರ ಕಿಟಕಿಗಳ ಕೆಳಗೇ ಹಬ್ಬಿರುವ ಆಲೆಚ್ ಹಿಮನದಿ ವರ್ಷವರ್ಷವೂ ಕುಗ್ಗುತ್ತಿದೆ.

2020ರ ಡಿಸೆಂಬರ್‌ನಿಂದ ಗ್ರಿಂಡೆಲ್‌ವಾಲ್ಡ್‌ನ ರೋಪ್‌ವೇ ಜನರನ್ನು 15 ನಿಮಿಷದಲ್ಲಿ ಐಗರ್‌ಗ್ಲೆಚರ್‌ಗೆ ಮುಟ್ಟಿಸುತ್ತದೆ. ಮೇಲಿನ ತುದಿ ಮಾತ್ರ 1912ರಲ್ಲಿ ಎಲ್ಲಿತ್ತೋ ಅಲ್ಲೇ ಇದೆ. ಯುಂಗ್‌ಫ್ರೌ ಶಿಖರವೇ ಬೇಕೆನ್ನುವವರು ಇಂದೂ ನಿಲ್ದಾಣದಿಂದ ಹೊರಬಿದ್ದು, ಬೂಟಿಗೆ ಮುಳ್ಳುಪಟ್ಟಿ ಬಿಗಿದು, ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು, ಹಿಮನದಿಯನ್ನು ದಾಟಿ ರೋಟ್ಟಾಲ್‌ಸಾಟೆಲ್ ಎಂಬ ತಗ್ಗಿನ ಕಡೆಯಿಂದ ಕಾಲ್ನಡೆಯಲ್ಲೇ ಏರಬೇಕು.