ಮಹಿಮೆಪಡಿಸುವುದು ಅಂದರೆ ಮಹಿಮೆ ಕೊಡುವುದಲ್ಲ

ಕಳೆದ ಭಾನುವಾರ ಚರ್ಚಿನ ಪ್ರಸಂಗದಲ್ಲಿ ಮತ್ತೆ ಅದೇ ಮಾತು: "ನಿಮ್ಮ ಸಂತೋಷ ಬದಿಗಿಡಿ, ದೇವರನ್ನು ಮಹಿಮೆಪಡಿಸಿ." ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರ ಭಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ 'ಮಹಿಮೆಪಡಿಸು' ಅನ್ನುವ ಪದದ ಅರ್ಥ ಅದಲ್ಲ.

ಗೊಂದಲ ಇರುವುದು '-ಪಡಿಸು' ಅನ್ನುವ ತುದಿಯಲ್ಲಿ. ಬಲಪಡಿಸು ಅಂದರೆ ಬಲ ಸಾಲದ ಕಡೆ ಬಲ ತುಂಬು. ಸಮಾಧಾನಪಡಿಸು ಕೂಡ ಹಾಗೇ. ಅದೇ ಜಾಡಿನಲ್ಲಿ ಮಹಿಮೆಪಡಿಸು ಅಂದಾಗ ದೇವರಿಗೆ ಏನೋ ಕಡಿಮೆಯಿದೆ, ನಮ್ಮ ಖುಷಿ ಬಿಟ್ಟುಕೊಟ್ಟು ಅದನ್ನು ತುಂಬಬೇಕು ಅನ್ನಿಸಿಬಿಡುತ್ತದೆ. ಆದರೆ ಕನ್ನಡದಲ್ಲಿ ಇನ್ನೊಂದು ಬಗೆಯ '-ಪಡಿಸು' ಇದೆ, ಅಲ್ವಾ? ವ್ಯಕ್ತಪಡಿಸು, ಬಹಿರಂಗಪಡಿಸು. ಇಲ್ಲಿ ಇಲ್ಲದ್ದನ್ನು ತುಂಬುವುದಿಲ್ಲ, ಇರುವುದನ್ನು ಕಾಣಿಸುತ್ತೇವೆ. ಮಹಿಮೆಪಡಿಸು ಸೇರುವುದು ಈ ಗುಂಪಿಗೆ.

ಬೈಬಲಿನ ಹಳೆಯ ಒಡಂಬಡಿಕೆಯ ಹೀಬ್ರೂ ಮೂಲ ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅಲ್ಲಿ ಮಹಿಮೆಗೆ 'ಕಾವೋದ್' ಎನ್ನುತ್ತಾರೆ. ಅದರ ಬೇರು 'ಭಾರ'. ಅಲ್ಲಿನ ಮೊದಲನೆಯ ಸಮುವೇಲ ಎಂಬ ಪುಸ್ತಕದ 4ನೇ ಅಧ್ಯಾಯದಲ್ಲಿ ಯಾಜಕ ಏಲಿ ಪೀಠದಿಂದ ಬಿದ್ದು ಸಾಯುತ್ತಾನೆ. ಮುದುಕನಾದ ಅವನು ಮೈಭಾರದವನು ಎಂದು ಹೇಳಲು ಬಳಸಿದ್ದು ಇದೇ ಬೇರಿನ ಪದ. ಅದೇ ಅಧ್ಯಾಯದಲ್ಲಿ ಅವನ ಸೊಸೆ ಮಗುವಿಗೆ 'ಈಕಾಬೋದ್' ಎಂದು ಹೆಸರಿಡುತ್ತಾಳೆ: ಮಹಿಮೆ ಹೋಯಿತು. ಅದೂ ಇದೇ ಬೇರು. "ತಂದೆತಾಯಿಗಳನ್ನು ಸನ್ಮಾನಿಸು" ಎಂಬ ಆಜ್ಞೆಯ ಕ್ರಿಯಾಪದವೂ ಇದರದ್ದೇ. ಸನ್ಮಾನಿಸಿದ ಮಾತ್ರಕ್ಕೆ ಅಪ್ಪನ ತೂಕ ಹೆಚ್ಚುವುದಿಲ್ಲ. ಅವರ ತೂಕ ಮಗನಿಗೆ ಗೊತ್ತಿದೆ ಅನ್ನುವುದು ಕಾಣುತ್ತದೆ, ಅಷ್ಟೆ. ನಾವೂ "ತೂಕದ ಮಾತು", "ಹಗುರವಾಗಿ ಮಾತಾಡಬೇಡ" ಅನ್ನುತ್ತೇವಲ್ಲ, ಅದೇ ತಿಳಿವಳಿಕೆ.

ಈಗ ಸಂತೋಷದ ವಿಷಯ. 1647ರಲ್ಲಿ ಲಂಡನ್ನಿನಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ಕಿರು ಪ್ರಶ್ನೋತ್ತರದಲ್ಲಿ (ಕ್ರೈಸ್ತ ನಂಬಿಕೆಯನ್ನು ಪ್ರಶ್ನೆ-ಉತ್ತರದ ರೂಪದಲ್ಲಿ ಕಲಿಸುವ ಪುಸ್ತಕ) 107 ಪ್ರಶ್ನೆಗಳಿವೆ. ಮೊದಲನೆಯದೇ ಮನುಷ್ಯನ ಮುಖ್ಯ ಗುರಿ ಏನು ಎಂಬುದು. ಉತ್ತರ: ದೇವರನ್ನು ಮಹಿಮೆಪಡಿಸುವುದು ಮತ್ತು ಎಂದೆಂದಿಗೂ ಆತನಲ್ಲಿ ಆನಂದಿಸುವುದು. ಮೂಲದಲ್ಲಿ 'ಗುರಿ' ಏಕವಚನ. ಹೇಳಿದ್ದು ಎರಡು, ಗುರಿ ಒಂದೇ.

ರಜಕ್ಕೆ ಅಜ್ಜಿ ಮನೆಗೆ ಹೋದ ಮೊಮ್ಮಗ "ಬರಲೇಬೇಕಿತ್ತು, ಬಂದೆ" ಅಂದರೆ ಅಜ್ಜಿಗೆ ಯಾವ ಗೌರವ ಸಿಕ್ಕಿತು? "ಇಲ್ಲಿದ್ದರೆ ನನಗೆ ಖುಷಿ ಅಜ್ಜಿ, ಅದಕ್ಕೇ ಬಂದೆ" ಅಂದರೆ ಅವನನ್ನು ಸ್ವಾರ್ಥಿ ಅಂತ ಯಾರೂ ಬೈಯುವುದಿಲ್ಲ. ಅವನ ಖುಷಿಯೇ ಅಜ್ಜಿ ಎಂಥವರು ಅಂತ ಊರಿಗೆ ಸಾರುತ್ತದೆ. ದೇವರ ಸನ್ನಿಧಿಯಲ್ಲಿ ಪರಿಪೂರ್ಣ ಸಂತೋಷವಿದೆ ಎಂದು ಬೈಬಲಿನ 16ನೇ ಕೀರ್ತನೆ ಹೇಳುತ್ತದೆ. ಆ ಸಂತೋಷವನ್ನು ಬದಿಗಿಟ್ಟರೆ ಆ ಸನ್ನಿಧಿಯ ತೂಕವನ್ನು ತೋರಿಸುವುದು ಹೇಗೆ?

ಪ್ರಾರ್ಥನಾ ಕೂಟಗಳಲ್ಲಿ "ದೇವರನ್ನು ಮಹಿಮೆಪಡಿಸೋಣ" ಅಂದ ಕೂಡಲೇ ಚಪ್ಪಾಳೆ ಶುರುವಾಗುತ್ತದೆ. ಚಪ್ಪಾಳೆ ತಪ್ಪಲ್ಲ. ಆದರೆ ಊಟ ಮಾಡುವುದರಲ್ಲೂ, ಕುಡಿಯುವುದರಲ್ಲೂ ದೇವರ ಮಹಿಮೆ ಕಾಣಬೇಕು ಎಂದು ಯೇಸುವಿನ ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದಿದ್ದಾನೆ.

ಹಾಗಂತ ಸುಮ್ನೆ ಸುಖವಾಗಿರುವುದನ್ನು ಈ ಆನಂದ ಅಂದುಕೊಳ್ಳಬೇಡಿ. ಆಸ್ತಿ ಜಾಸ್ತಿಯಾದರೆ ದೇವರಿಗೆ ಮಹಿಮೆ ಅನ್ನುವವರ ಮಾತು ನನಗೆ ನಿಜವಾಗಿಯೂ ನೋವು ಕೊಡುತ್ತದೆ. "ಕರ್ತನಲ್ಲಿ ಸಂತೋಷಪಡಿರಿ" ಎಂದು ಪೌಲ ಫಿಲಿಪ್ಪಿಯವರಿಗೆ ಬರೆದದ್ದು ಸೆರೆಯಿಂದ. ಅಂಜೂರ ಚಿಗುರಿಲ್ಲ, ಹೊಲದಲ್ಲಿ ಬೆಳೆಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ ಎಂದು ಒಂದೊಂದಾಗಿ ಎಣಿಸಿದ ಪ್ರವಾದಿ ಹಬಕ್ಕೂಕ, ಆದರೂ ನಾನು ಯೆಹೋವನಲ್ಲಿ ಉಲ್ಲಾಸಪಡುತ್ತೇನೆ ಅನ್ನುತ್ತಾನೆ.