‘ಇದ್ದರೂ’ ಎಂಬ ಪದದ ಭಾರ: ಸುದ್ದಿಯಲ್ಲಿ ಅಂಗವಿಕಲರ ಚಿತ್ರಣ ಕುರಿತ ಅಧ್ಯಯನ ಟಿಪ್ಪಣಿ

ಮಂಗಳೂರಿನಲ್ಲಿ ಪತ್ರಿಕೋದ್ಯಮ ಓದುತ್ತಿರುವ ನಮಗೆ ‘ಮಾಧ್ಯಮ ಮತ್ತು ಅಂಗವೈಕಲ್ಯ’ ಎಂಬ ಭಾಗ ಹೆಚ್ಚಾಗಿ ಪರೀಕ್ಷೆಯ ಹಿಂದಿನ ವಾರ, ಪರಿಭಾಷೆಗಳ ಪಟ್ಟಿಯಾಗಿ ಎದುರಾಗುತ್ತದೆ. ಆ ಪಟ್ಟಿಯನ್ನು ಬದಿಗಿಟ್ಟು ಎರಡು ಶೀರ್ಷಿಕೆಗಳಿಂದ ಆರಂಭಿಸೋಣ: ‘ಕಣ್ಣಿಲ್ಲದಿದ್ದರೂ ಪದವಿ ಗಳಿಸಿದ ಯುವತಿ’, ‘ಗಾಲಿಕುರ್ಚಿಯಲ್ಲಿದ್ದರೂ ಬತ್ತದ ಉತ್ಸಾಹ’. ಇವು ಯಾವುದೇ ಪತ್ರಿಕೆಯಿಂದ ಎತ್ತಿದ ಸಾಲುಗಳಲ್ಲ, ಮಾದರಿಗಾಗಿ ನಾನು ಕಟ್ಟಿದವು. ಆದರೆ ಕನ್ನಡ ಪತ್ರಿಕೆ ಓದುವ ಯಾರಿಗೂ ಇವು ಅಪರಿಚಿತ ಎನಿಸಲಾರವು. ಎರಡರಲ್ಲಿಯೂ ನಿಜವಾಗಿ ಕೆಲಸ ಮಾಡುತ್ತಿರುವುದು ‘ಇದ್ದರೂ’ ಎಂಬ ರೂಪ. ‘ಮಳೆ ಬಂದರೂ ಬಯಲಾಟ ನಿಲ್ಲಲಿಲ್ಲ’ ಎಂದಾಗ, ಮಳೆ ಬಂದರೆ ಆಟ ನಿಲ್ಲುವುದು ಸಹಜ ಎಂಬ ಎಣಿಕೆ ಆ ಮಾತಿನೊಳಗೇ ಅಡಗಿರುತ್ತದೆ. ಹಾಗೆಯೇ ‘ಕಣ್ಣಿಲ್ಲದಿದ್ದರೂ ಪದವಿ’ ಎಂದಾಗ, ಕಣ್ಣು ಕಾಣದವರು ಪದವಿ ಪಡೆಯದಿರುವುದೇ ಸಹಜ ಎಂಬ ಎಣಿಕೆಯನ್ನು ಓದುಗ ತನಗೆ ಅರಿವಿಲ್ಲದೆಯೇ ಒಪ್ಪಿಕೊಂಡು ಮುಂದೆ ಹೋಗುತ್ತಾನೆ. ಬರೆದವರ ಮನಸ್ಸಿನಲ್ಲಿ ಮೆಚ್ಚುಗೆಯೇ ಇದ್ದಿರಬಹುದು. ಆದರೆ ಆಕೆಗೆ ಪಠ್ಯಗಳು ಬ್ರೈಲ್‌ನಲ್ಲಿಯೋ ಧ್ವನಿರೂಪದಲ್ಲಿಯೋ ಸಿಕ್ಕವೇ, ಪರೀಕ್ಷೆಯಲ್ಲಿ ಬರೆದುಕೊಡುವವರನ್ನು ಕಾಲೇಜು ಒದಗಿಸಿತೇ ಅಥವಾ ಆಕೆಯೇ ಹುಡುಕಿಕೊಂಡಳೇ ಎಂಬ ಪ್ರಶ್ನೆಗಳಿಗೆ ಅಂಥ ವರದಿಯಲ್ಲಿ ಜಾಗವೇ ಉಳಿಯುವುದಿಲ್ಲ.

ಇಲ್ಲಿಂದ ಸಿದ್ಧಾಂತಕ್ಕೆ ಬರುವುದು ಸುಲಭ. ಅಂಗವೈಕಲ್ಯವನ್ನು ನೋಡುವ ಎರಡು ಬಗೆಗಳನ್ನು ಪಠ್ಯಗಳು ವೈದ್ಯಕೀಯ ಮಾದರಿ ಮತ್ತು ಸಾಮಾಜಿಕ ಮಾದರಿ ಎಂದು ಕರೆಯುತ್ತವೆ. ಮೊದಲನೆಯದು ಸಮಸ್ಯೆಯನ್ನು ದೇಹದಲ್ಲಿ ಕಾಣುತ್ತದೆ. ಎರಡನೆಯದು, 1970ರ ದಶಕದಲ್ಲಿ ಬ್ರಿಟನ್ನಿನ ಅಂಗವಿಕಲರ ಚಳವಳಿಯಲ್ಲಿ ರೂಪುಗೊಂಡು ಮುಂದೆ ಮೈಕ್ ಆಲಿವರ್ ಅವರ ಬರಹಗಳಿಂದ ಪ್ರಸಿದ್ಧವಾದದ್ದು, ದೇಹದ ಕೊರತೆಯನ್ನೂ ಸಮಾಜ ಒಡ್ಡುವ ಅಡ್ಡಿಯನ್ನೂ ಬೇರೆ ಬೇರೆಯಾಗಿ ಇಟ್ಟು, ನಿಜವಾಗಿ ಮನುಷ್ಯನನ್ನು ಅಶಕ್ತನನ್ನಾಗಿಸುವುದು ಆ ಅಡ್ಡಿಯೇ ಎನ್ನುತ್ತದೆ. ನಮ್ಮ ಊರಿನ ಉದಾಹರಣೆ ಬೇಕೆಂದರೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಸಾಕು. ಸಿಟಿ ಬಸ್ಸಿನ ಎತ್ತರದ ಮೆಟ್ಟಿಲು, ಮುಂದಿನ ಬಸ್ಸಿಗೆ ಮೊದಲು ಹೊರಡಬೇಕೆಂಬ ಧಾವಂತ, ನಿಂತೂ ನಿಲ್ಲದಂತೆ ಜನರನ್ನು ಹತ್ತಿಸಿಕೊಳ್ಳುವ ರೂಢಿ, ಇವುಗಳ ನಡುವೆ ಊರುಗೋಲು ಹಿಡಿದವರೊಬ್ಬರು ಬಸ್ಸು ಹತ್ತಲಾಗದೆ ಉಳಿದರೆ, ಕಾರಣ ಅವರ ಕಾಲೋ ಆ ಮೆಟ್ಟಿಲೋ? ಇದನ್ನು ಬರಿಯ ವಾದವೆಂದು ತಳ್ಳಿಹಾಕುವಂತಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ವ್ಯಾಖ್ಯಾನವೇ, ದೀರ್ಘಕಾಲದ ನ್ಯೂನತೆಯು ಅಡೆತಡೆಗಳೊಂದಿಗೆ ಸೇರಿದಾಗ ಸಮಾಜದಲ್ಲಿ ಇತರರಿಗೆ ಸಮಾನವಾದ ಪೂರ್ಣ ಪಾಲ್ಗೊಳ್ಳುವಿಕೆಗೆ ತಡೆಯಾಗುತ್ತದೆ ಎಂಬ ಅರ್ಥದಲ್ಲಿದೆ. 1995ರ ಕಾಯ್ದೆ 7 ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರದು 21 ಬಗೆಗಳನ್ನು ಗುರುತಿಸುತ್ತದೆ. ದೇಶದ ಅಂಗವಿಕಲರ ಲೆಕ್ಕವಾಗಿ 2011ರ ಜನಗಣತಿ ಕೊಟ್ಟ 2.68 ಕೋಟಿ ಎಂಬ ಸಂಖ್ಯೆಯನ್ನು ಉತ್ತರದಲ್ಲಿ ಬಳಸುವಾಗ, ಅದು ಈ ವಿಸ್ತಾರವಾದ ಪಟ್ಟಿ ಬರುವುದಕ್ಕೆ ಮೊದಲಿನ ಎಣಿಕೆ ಎಂಬುದನ್ನೂ ಬರೆಯಿರಿ.

ಸುದ್ದಿಯನ್ನು ವಿಂಗಡಿಸುವುದಕ್ಕೆ ಅಮೆರಿಕದ ಸಂಶೋಧಕ ಜಾನ್ ಕ್ಲಾಗ್‌ಸ್ಟನ್ 1990ರ ಹೊತ್ತಿಗೆ ಒಂದು ಚೌಕಟ್ಟು ಕೊಟ್ಟರು; ಬೆತ್ ಹ್ಯಾಲರ್ ಅದನ್ನು ಮುಂದೆ ವಿಸ್ತರಿಸಿದರು. ರೋಗಿಯಾಗಿ, ಸರ್ಕಾರದ ಅಥವಾ ದಾನಿಗಳ ನೆರವಿಗೆ ಕೈಚಾಚಿದವರಾಗಿ, ಅತಿಮಾನುಷ ಸಾಧಕರಾಗಿ ತೋರಿಸುವುದು ಸಾಂಪ್ರದಾಯಿಕ ಬಗೆಗಳು. ಹಕ್ಕು ಕೇಳುವ ಸಮುದಾಯವಾಗಿ, ಹಲವು ಮುಖಗಳ ಸಾಮಾನ್ಯ ಮನುಷ್ಯರಾಗಿ ತೋರಿಸುವುದು ಪ್ರಗತಿಪರ ಬಗೆಗಳು. ಹೆಸರುಗಳಿಗಿಂತ ಅವು ನಮ್ಮ ಪುಟಗಳಲ್ಲಿ ಹೇಗೆ ಕಾಣುತ್ತವೆ ಎಂಬುದು ಮುಖ್ಯ.

ಸಾಧಕರ ಚಿತ್ರಣವನ್ನು ಮೊದಲು ನೋಡೋಣ. ಆಸ್ಟ್ರೇಲಿಯಾದ ಪತ್ರಕರ್ತೆ, ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಸ್ಟೆಲ್ಲಾ ಯಂಗ್ ಅವರು ‘ಇನ್‌ಸ್ಪಿರೇಷನ್ ಪೋರ್ನ್’ ಎಂಬ ಮಾತನ್ನು ಚಲಾವಣೆಗೆ ತಂದರು. ಅಂಗವಿಕಲರ ದಿನನಿತ್ಯದ ಬದುಕನ್ನೇ ಇತರರ ಉತ್ತೇಜನದ ಸರಕಾಗಿ ಬಳಸುವುದನ್ನು ಅವರು ಹಾಗೆ ಕರೆದರು. ಇದರ ಅರ್ಥ ಸಾಧನೆಯನ್ನು ವರದಿ ಮಾಡಬಾರದು ಎಂದಲ್ಲ. ನಮ್ಮ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಎಂಜಿನಿಯರಿಂಗ್ ಓದಿ, ಐಎಎಸ್ ಅಧಿಕಾರಿಯಾದ ಸುಹಾಸ್ ಎಲ್.ವೈ. ಅವರು ಟೋಕಿಯೊ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗಳೆರಡರಲ್ಲಿಯೂ ಬ್ಯಾಡ್ಮಿಂಟನ್‌ನಲ್ಲಿ ಬೆಳ್ಳಿ ಗೆದ್ದರು. ಇಂಥವರ ವರದಿಯಲ್ಲಿ ಅಂತಿಮ ಪಂದ್ಯದ ಸ್ಕೋರು, ಎದುರಾಳಿ ಯಾರು, ಯಾವ ವರ್ಗೀಕರಣದಲ್ಲಿ ಆಡಿದರು, ಆಟ ಎಲ್ಲಿ ತಿರುಗಿತು ಎಂಬುದು ಇದ್ದರೆ ಅದು ಕ್ರೀಡಾ ವರದಿ. ದೇಹದ ಸ್ಥಿತಿಯ ವಿವರಣೆಗೆ ಮೂರು ಪ್ಯಾರಾ, ಆಟಕ್ಕೆ ಒಂದು ಸಾಲು ಇದ್ದರೆ ಅಲ್ಲ. ಲಂಡನ್ 2012ರಲ್ಲಿ ಭಾರತಕ್ಕೆ ದೊರೆತದ್ದು ಒಂದೇ ಪದಕ, ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರು ಎತ್ತರ ಜಿಗಿತದಲ್ಲಿ ಗೆದ್ದ ಬೆಳ್ಳಿ. ಪ್ಯಾರಿಸ್ 2024ರಲ್ಲಿ ಪದಕಗಳ ಸಂಖ್ಯೆ 29ಕ್ಕೆ ಏರಿತು. ಒಬ್ಬೊಬ್ಬರ ಛಲದಿಂದ ಮಾತ್ರ ಇಂಥ ಏರಿಕೆ ಆಗುವುದಿಲ್ಲ. ತರಬೇತಿ, ಹಣ, ಸಲಕರಣೆಗಳ ಕಥೆಯೂ ಅದರೊಳಗೆ ಇರಲೇಬೇಕು. ‘ಛಲ’ ಎಂಬ ಒಂದು ಪದ ಆ ಕಥೆಯನ್ನು ಪೂರ್ತಿಯಾಗಿ ಮುಚ್ಚಿಬಿಡುತ್ತದೆ.

ಇನ್ನೊಂದು ಬಗೆ ಕರಾವಳಿಯ ಪುಟಗಳಲ್ಲಿ ನಮಗೆಲ್ಲ ಚಿರಪರಿಚಿತ: ‘ನೆರವಿಗೆ ಮನವಿ’ ಎಂಬ ಚೌಕದೊಳಗೆ ಮಗುವಿನ ಭಾವಚಿತ್ರ, ಬ್ಯಾಂಕ್ ಖಾತೆ ಸಂಖ್ಯೆ, ಮನೆಯ ವಿಳಾಸ. ಇದನ್ನು ಸುಲಭವಾಗಿ ಖಂಡಿಸಲು ನನಗೆ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಆ ಚೌಕದಿಂದ ಬಂದ ಹಣದಲ್ಲಿ ಶಸ್ತ್ರಚಿಕಿತ್ಸೆ ನಡೆದ ಮನೆಗಳಿವೆ. ಕೇಳಬೇಕಾದ ಪ್ರಶ್ನೆ ಬೇರೆ. ಆ ಕುಟುಂಬಕ್ಕೆ ಮಾಸಾಶನ ಏಕೆ ಬರಲಿಲ್ಲ, ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿ ಎಲ್ಲಿ ನಿಂತಿದೆ ಎಂದು ಮರುದಿನವಾದರೂ ಯಾರಾದರೂ ವಿಚಾರಿಸಿದರೇ? ಗ್ರಾಮ ಪಂಚಾಯಿತಿಗಳಲ್ಲಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಇಂಥ ಪ್ರತಿಯೊಂದು ಮನೆಯ ಕಡತವೂ ಗೊತ್ತಿರುತ್ತದೆ. ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಆದರೂ ವರದಿಯಲ್ಲಿ ಮಾತನಾಡುವವರು ಸಾಮಾನ್ಯವಾಗಿ ಶಾಸಕರು, ವೈದ್ಯರು ಅಥವಾ ದಾನಿಗಳು. ತ್ರಿಚಕ್ರ ವಾಹನ ವಿತರಣೆಯ ಛಾಯಾಚಿತ್ರಗಳನ್ನು ಗಮನಿಸಿ: ನಿಂತವರೆಲ್ಲರ ಹೆಸರು ಅಡಿಬರಹದಲ್ಲಿ ಬರುತ್ತದೆ, ಕುಳಿತವರು ‘ಫಲಾನುಭವಿ’ ಆಗಿ ಉಳಿಯುತ್ತಾರೆ.

ನಮ್ಮ ಜಿಲ್ಲೆಯ ಮಟ್ಟಿಗೆ ಅತ್ಯಂತ ಗಂಭೀರವಾದ ಪಾಠ ಎಂಡೋಸಲ್ಫಾನ್‌ನದು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತಮುತ್ತ ಸರ್ಕಾರಿ ನಿಗಮದ ಗೇರು ತೋಟಗಳಿಗೆ ಆಕಾಶದಿಂದ ಈ ಕೀಟನಾಶಕವನ್ನು ಸಿಂಪಡಿಸಲಾಗುತ್ತಿತ್ತು. ಗಡಿಯಾಚೆ ಕಾಸರಗೋಡಿನಲ್ಲಿಯೂ ಹಾಗೆಯೇ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಇದರ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ತಡೆ ನೀಡಿತು. ಅಲ್ಲಿನ ಮಕ್ಕಳ ವೈಕಲ್ಯಕ್ಕೆ ಈ ವಿಷವೇ ಕಾರಣವೆನ್ನಲಾದ ಈ ದುರಂತ ಹೊರಜಗತ್ತಿಗೆ ತಿಳಿದದ್ದರಲ್ಲಿ ಛಾಯಾಚಿತ್ರಗಳ ಪಾಲು ದೊಡ್ಡದು: ಚಾಪೆಯ ಮೇಲೆ ಮಲಗಿದ ಮಗು, ಪಕ್ಕದಲ್ಲಿ ತಾಯಿ. ಆ ಚಿತ್ರಗಳಿಲ್ಲದೆ ಸರ್ಕಾರ ಅಲುಗುತ್ತಿರಲಿಲ್ಲ ಎಂಬ ವಾದವನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಆದರೆ ಅದೇ ಚಿತ್ರ ವರ್ಷವರ್ಷವೂ ಮರಳಿ ಬಂದಾಗ ಎರಡು ಸಂಗತಿಗಳು ನಡೆಯುತ್ತವೆ. ಸಿಂಪಡಣೆಗೆ ನಿರ್ಧರಿಸಿದವರು ಯಾರು, ಸಮೀಕ್ಷೆಯ ಪಟ್ಟಿಯಿಂದ ಹೊರಗುಳಿದವರು ಎಷ್ಟು ಮಂದಿ, ಪಾಲನಾ ಕೇಂದ್ರಕ್ಕೆ ಮಕ್ಕಳನ್ನು ಕರೆದೊಯ್ಯುವ ವಾಹನ ಯಾವ ರಸ್ತೆಯವರೆಗೆ ಬರುತ್ತದೆ ಎಂಬ ವಿಷಯಗಳು ಹಿಂದೆ ಸರಿಯುತ್ತವೆ. ಮತ್ತು ಅಂದಿನ ಮಗು ಇಂದು ಮೂವತ್ತರ ಪ್ರಾಯದ ವ್ಯಕ್ತಿಯಾಗಿದ್ದರೂ ಪತ್ರಿಕೆಯಲ್ಲಿ ಮಗುವಾಗಿಯೇ ಉಳಿಯುತ್ತದೆ. ‘ಪೀಡಿತ’ ಎಂಬ ಪದವೂ ಹಾಗೆಯೇ. ಪೀಡೆ ಕೊಟ್ಟವರು ಯಾರೆಂದು ಅದು ಹೇಳುವುದಿಲ್ಲ. ವಿಷಪ್ರಾಶನದಿಂದ ಅನ್ಯಾಯಕ್ಕೊಳಗಾದವರು ಎಂಬ ಅರ್ಥದಲ್ಲಿ ‘ಸಂತ್ರಸ್ತ’ ಎಂದು ಕರೆದು ಪರಿಹಾರ ಕೇಳುವುದು ನ್ಯಾಯವೇ. ಆದರೆ ಹುಟ್ಟಿನಿಂದ ಕಿವಿ ಕೇಳದವರನ್ನು ‘ಕಿವುಡುತನದಿಂದ ಬಳಲುತ್ತಿರುವ’ ಎಂದು ಬರೆಯುವಾಗ ಆ ಬಳಲಿಕೆಯನ್ನು ಬರೆಯುವವರೇ ಸೇರಿಸಿರುತ್ತಾರೆ.

ಪದಗಳ ವಿಚಾರಕ್ಕೆ ಬಂದಾಗ ತರಗತಿಯಲ್ಲಿ ಚರ್ಚೆ ಹೆಚ್ಚಾಗಿ ಹೆಸರಿನ ಸುತ್ತಲೇ ತಿರುಗುತ್ತದೆ. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ಪ್ರಧಾನಿಯವರು 2015ರ ಡಿಸೆಂಬರಿನಲ್ಲಿ ಸೂಚಿಸಿದ ದಿವ್ಯಾಂಗ, ಇವುಗಳಲ್ಲಿ ಯಾವುದು ಸರಿ? ರಾಜ್ಯದ ಇಲಾಖೆಯ ಹೆಸರಿನಲ್ಲಿ ‘ವಿಕಲಚೇತನ’ ಇದೆ. ಆ ಪದವನ್ನು ಬಿಡಿಸಿದರೆ ವೈಕಲ್ಯ ಅಂಗವನ್ನು ಬಿಟ್ಟು ಚೇತನಕ್ಕೇ ಅಂಟಿಕೊಂಡಂತಾಗುತ್ತದೆ ಎಂಬುದು ನನ್ನ ಆಕ್ಷೇಪ, ಆದರೂ ಅದನ್ನು ತಾವೇ ಬಳಸುವವರ ಮೇಲೆ ನನ್ನ ಆಕ್ಷೇಪವನ್ನು ಹೇರಲಾರೆ. ವ್ಯಕ್ತಿಯನ್ನೇ ಕೇಳಿ, ಅವರು ಹೇಳಿದಂತೆ ಬರೆಯುವುದು ಉತ್ತಮ. ಹೆಸರಿನ ಚರ್ಚೆಯಲ್ಲಿ ನಾವು ಮರೆಯುವುದು ನುಡಿಗಟ್ಟುಗಳನ್ನು. ‘ಕಿವುಡಾದ ಸರ್ಕಾರ’, ‘ಮೂಕ ಪ್ರೇಕ್ಷಕರಾದ ಅಧಿಕಾರಿಗಳು’, ‘ಜಾಣ ಕುರುಡು’ ಎಂಬ ಮಾತುಗಳು ಸಂಪಾದಕೀಯಗಳಲ್ಲಿ ಸಲೀಸಾಗಿ ಬರುತ್ತವೆ. ಕೇಳಿಸಿಕೊಂಡೂ ಉತ್ತರಿಸದಿರುವುದು ಹೊಣೆಗೇಡಿತನ, ಕೇಳಿಸದಿರುವುದು ಹೊಣೆಗೇಡಿತನವಲ್ಲ. ‘ಉತ್ತರ ಕೊಡದ ಸರ್ಕಾರ’ ಎಂದು ಬರೆದರೆ ಟೀಕೆ ಇನ್ನಷ್ಟು ನೇರವಾಗುತ್ತದೆ.

ಅಪರಾಧ ಸುದ್ದಿಯಲ್ಲಿ ‘ಮಾನಸಿಕ ಅಸ್ವಸ್ಥ’ ಎಂಬ ಪದ ವೈದ್ಯರ ಮಾತಿಲ್ಲದೆ, ನೆರೆಹೊರೆಯವರ ಹೇಳಿಕೆಯ ಮೇಲೆಯೇ ಶೀರ್ಷಿಕೆಗೆ ಏರುವುದುಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಸೆಕ್ಷನ್, ಚಿಕಿತ್ಸಾಲಯದಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಭಾವಚಿತ್ರ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಎನ್ನುತ್ತದೆ.

2024ರ ಜುಲೈ 8ರಂದು ಸುಪ್ರೀಂ ಕೋರ್ಟ್, ಒಂದು ಹಿಂದಿ ಚಲನಚಿತ್ರದ ವಿರುದ್ಧ ಅಂಗವಿಕಲರ ಹಕ್ಕುಗಳ ಹೋರಾಟಗಾರ ನಿಪುಣ್ ಮಲ್ಹೋತ್ರಾ ಅವರು ಹೂಡಿದ ಪ್ರಕರಣದಲ್ಲಿ, ದೃಶ್ಯ ಮಾಧ್ಯಮದಲ್ಲಿ ಅಂಗವಿಕಲರ ಚಿತ್ರಣಕ್ಕೆ ಮಾರ್ಗಸೂಚಿ ನೀಡಿತು. ಹೀಯಾಳಿಸುವ ಪದಗಳನ್ನು, ಹಾಗೆಯೇ ಸಮಾಜದ ಅಡ್ಡಿಗಳನ್ನು ಮರೆಸಿ ‘ಬಳಲುವವರು’, ‘ಬಲಿಪಶು’ ಎಂಬಂತೆ ಚಿತ್ರಿಸುವ ಪದಗಳನ್ನು ಬಿಡಬೇಕು. ಅಂಗವಿಕಲರನ್ನು ಕುರಿತ ನಿರ್ಧಾರದಲ್ಲಿ ಅವರೂ ಇರಬೇಕು ಎಂಬುದು ಅದರ ತಿರುಳು. ತೀರ್ಪು ಸಿನಿಮಾಕ್ಕೆ ಸಂಬಂಧಿಸಿದ್ದಾದರೂ ಸುದ್ದಿಮನೆಗೆ ಇದಕ್ಕಿಂತ ಸ್ಪಷ್ಟವಾದ ಕೈಪಿಡಿ ಬೇಕಿಲ್ಲ. ಆ ‘ಅವರೂ ಇರಬೇಕು’ ಎಂಬ ಮಾತು ಓದುಗರಿಗೂ ಅನ್ವಯಿಸುತ್ತದೆ. ಪುಟವನ್ನು ಚಿತ್ರವಾಗಿ ಏರಿಸಿದ ಇ-ಪೇಪರನ್ನು, ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯ ಕಡತವನ್ನು ಸ್ಕ್ರೀನ್ ರೀಡರ್ ಓದಿಹೇಳಲಾರದು. ಅಂಥ ಕಡೆ ಅಂಧ ಓದುಗರ ಬಗ್ಗೆ ಬರೆದ ಸುದ್ದಿ ಅಂಧ ಓದುಗರನ್ನೇ ತಲುಪುವುದಿಲ್ಲ.

ಅಭ್ಯಾಸಕ್ಕೆ ಒಂದು ಕೆಲಸ. ನಾಳೆಯ ಪತ್ರಿಕೆಯ ಸ್ಥಳೀಯ ಪುಟ ತೆಗೆದು ‘ಇದ್ದರೂ’, ‘ಆದರೂ’ ಇರುವ ಸಾಲುಗಳಿಗೆ ಗೆರೆ ಎಳೆಯಿರಿ, ಅದು ಯಾರ ಮೇಲೆ ಕುಳಿತಿದೆ ಎಂದು ಪಕ್ಕದಲ್ಲಿ ಬರೆಯಿರಿ. 2016ರ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ, 2017ರ ಜೂನ್‌ನಲ್ಲಿ ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಈಗಿರುವ ಸಾರ್ವಜನಿಕ ಕಟ್ಟಡಗಳೆಲ್ಲ ಅಂಗವಿಕಲರ ಪ್ರವೇಶಕ್ಕೆ ತಕ್ಕಂತೆ ಬದಲಾಗಬೇಕಿತ್ತು. ಹೀಗಿರುವಾಗ ‘ನಡೆಯಲಾಗದಿದ್ದರೂ ಮೆಟ್ಟಿಲು ತೆವಳಿ ಕಚೇರಿಗೆ ಬಂದ ದಿಟ್ಟೆ’ ಎಂಬ ಶೀರ್ಷಿಕೆ ನಿಮ್ಮ ಮೇಜಿಗೆ ಬಂದರೆ, ಆ ‘ಊ’ವನ್ನು ಆಕೆಯಿಂದ ಕಳಚಿ ಕಟ್ಟಡಕ್ಕೆ ಹಚ್ಚಿ: ‘ಗಡುವು ಮುಗಿದು ವರ್ಷಗಳಾದರೂ ಕಚೇರಿಗೆ ಇಳಿಜಾರು ದಾರಿ ಇಲ್ಲ’.