‘ಪಾಪ ಹುಡುಕಿಕೊಂಡು ಬರುತ್ತದೆ’: ಮೋಶೆ ಈ ಮಾತು ಹೇಳಿದ್ದು ಯಾರಿಗೆ?

ಪ್ರಶ್ನೆ: ತಮ್ಮನಿಗೆ ಬೈಕ್ ಅಪಘಾತವಾಗಿ ಆಸ್ಪತ್ರೆಯಲ್ಲಿದ್ದ. ನೋಡಲು ಬಂದ ನೆಂಟರೊಬ್ಬರು ಬೈಬಲಿನ ಅರಣ್ಯಕಾಂಡ 32:23 ಓದಿ, ‘ಮಾಡಿದ ಪಾಪ ಸುಮ್ನೆ ಬಿಡಲ್ಲ, ಹುಡುಕಿಕೊಂಡು ಬರುತ್ತೆ’ ಅಂದರು. ನಾವೇನು ತಪ್ಪು ಮಾಡಿದ್ವಿ ಅಂತ ಅಮ್ಮ ಅವತ್ತಿನಿಂದ ಕೊರಗುತ್ತಿದ್ದಾರೆ. ಆ ವಚನದ ಅರ್ಥ ಇದೇನಾ?

ಅಲ್ಲ. ಮೊದಲು ಅಮ್ಮನಿಗೆ ಇಷ್ಟು ಹೇಳಿ. ಆಮೇಲೆ ಇಬ್ಬರೂ ಕೂತು ಆ ಅಧ್ಯಾಯವನ್ನು ಒಂದನೇ ವಚನದಿಂದ ಓದಿ. ಅದು ಶುರುವಾಗುವುದೇ ದನಕುರಿಗಳಿಂದ.

ಇಸ್ರಾಯೇಲ್ಯರು 40 ವರ್ಷ ಅಲೆದು ಯೊರ್ದನ್ ಹೊಳೆಯ ಪೂರ್ವದ ದಡಕ್ಕೆ ಬಂದಿದ್ದಾರೆ. ಹೊಳೆ ದಾಟಿದರೆ ಕಾನಾನ್, ದೇವರು ಅವರಿಗೆ ಕೊಡುತ್ತೇನೆ ಎಂದಿದ್ದ ದೇಶ. ಅವರಲ್ಲಿ ರೂಬೇನ್ ಮತ್ತು ಗಾದ್ ಕುಲದವರ ಹತ್ತಿರ ದನಕರು ಜಾಸ್ತಿ. ಈಚೆ ದಡದ ಗಿಲ್ಯಾದ್ ಸೀಮೆಯಲ್ಲಿ ಒಳ್ಳೆ ಮೇವು. ಅವರು ಇಸ್ರಾಯೇಲ್ಯರ ನಾಯಕ ಮೋಶೆಯ ಬಳಿ ಬಂದು, ‘ನಮಗೆ ಇಲ್ಲೇ ಜಾಗ ಕೊಡಿ, ಹೊಳೆ ದಾಟಿಸಬೇಡಿ’ ಎಂದು ಕೇಳುತ್ತಾರೆ.

ಮೋಶೆಗೆ ಸಿಟ್ಟು ಬರುತ್ತದೆ. ಅಣ್ಣತಮ್ಮಂದಿರು ಯುದ್ಧಕ್ಕೆ ಹೋಗಬೇಕು, ನೀವು ಇಲ್ಲಿ ಕೂತಿರಬೇಕಾ? ಹಿಂದೆ ಕಾನಾನ್ ದೇಶ ನೋಡಿಬರಲು ಹೋದ 12 ಜನರಲ್ಲಿ 10 ಜನ ಉಳಿದವರ ಧೈರ್ಯ ಕೆಡಿಸಿದ್ದರು. ಅದರಿಂದಲೇ ಒಂದು ಇಡೀ ತಲೆಮಾರು ಕಾಡಿನಲ್ಲಿ ಅಲೆದು ಸತ್ತಿತ್ತು. ಈಗ ಮೋಶೆಯ ಎದುರು ನಿಂತವರು ಅವರ ಮಕ್ಕಳು. ಅಪ್ಪಂದಿರ ದಾರಿಯನ್ನೇ ಇವರೂ ಹಿಡಿದಾರು ಎಂಬ ಭಯ ಆ ಸಿಟ್ಟಿನ ಒಳಗಿದೆ.

ಆಗ ಅವರು ಹತ್ತಿರ ಬಂದು ಮಾತು ಕೊಡುತ್ತಾರೆ. ‘ದನಕುರಿಗಳಿಗೆ ದೊಡ್ಡಿ, ಮಕ್ಕಳಿಗೆ ಊರು ಕಟ್ಟಿಕೊಳ್ಳುತ್ತೇವೆ. ಆಮೇಲೆ ಆಯುಧ ಹಿಡಿದು ಎಲ್ಲರಿಗಿಂತ ಮುಂದೆ ಹೊಳೆ ದಾಟುತ್ತೇವೆ. ಪ್ರತಿಯೊಬ್ಬರಿಗೂ ಅವರ ಪಾಲು ಸಿಗುವ ತನಕ ಮನೆಗೆ ಬರುವುದಿಲ್ಲ.’ ಮೋಶೆ ಒಪ್ಪುತ್ತಾನೆ. ಹೀಗೆ ಮಾಡಿದರೆ ನಿಮ್ಮ ಮೇಲೆ ದೋಷವಿಲ್ಲ, ಮಾಡದೆ ಹೋದರೆ ಅದು ಯೆಹೋವ ದೇವರಿಗೆ ವಿರುದ್ಧವಾದ ಪಾಪ, ಆ ಪಾಪ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ ಎನ್ನುತ್ತಾನೆ.

ನೋಡಿ, ಆ ಮಾತಿನ ಹಿಂದೆ ‘ಮಾಡದೆ ಹೋದರೆ’ ಅಂತಿದೆ. ಅವರು ಆಗ ಇನ್ನೂ ತಪ್ಪು ಮಾಡಿಲ್ಲ. ಅವರಿಗೆ ಯಾವ ಕಷ್ಟವೂ ಬಂದಿಲ್ಲ. ಇದು ಕೊಟ್ಟ ಮಾತಿಗೆ ಹಾಕಿದ ಗಂಟು. ಕದ್ದುಮುಚ್ಚಿ ಮಾಡಿದ ಪಾಪದ ಸುದ್ದಿಯೂ ಇಲ್ಲಿಲ್ಲ. ತನಗೆ ಬೇಕಾದ್ದು ಸಿಕ್ಕಿತು ಎಂದು ಒಡಹುಟ್ಟಿದವರನ್ನು ಕೈಬಿಡುವುದೇ ಇಲ್ಲಿ ಪಾಪ.

ಈ ಅಧ್ಯಾಯದಲ್ಲಿ ನನಗೆ ತುಂಬಾ ಇಷ್ಟವಾಗುವ ಒಂದು ಸಣ್ಣ ಸಂಗತಿಯಿದೆ. 16ನೇ ವಚನದಲ್ಲಿ ಅವರು ಮೊದಲು ಹೇಳಿದ್ದು ಕುರಿದೊಡ್ಡಿ, ಆಮೇಲೆ ಮಕ್ಕಳು. 24ರಲ್ಲಿ ಮೋಶೆ ಉತ್ತರ ಕೊಡುವಾಗ ಅದನ್ನು ತಿರುಗಿಸುತ್ತಾನೆ: ಮೊದಲು ಮಕ್ಕಳಿಗೆ ಊರು, ಆಮೇಲೆ ಕುರಿಗೆ ದೊಡ್ಡಿ. 26ಕ್ಕೆ ಬಂದರೆ ಅವರ ಬಾಯಲ್ಲೂ ಮಕ್ಕಳು, ಹೆಂಡತಿಯರು ಮೊದಲು, ದನಕುರಿ ಕೊನೆಗೆ. ತಿದ್ದಿದರು, ತಿದ್ದಿಕೊಂಡರು. ಈ 24ನೇ ವಚನ ಇರುವುದು ನಿಮ್ಮ ನೆಂಟರು ಓದಿದ ವಚನದ ಪಕ್ಕದಲ್ಲೇ.

ಮುಂದೆ ಅವರು ಮಾತು ಉಳಿಸಿಕೊಂಡರು. ಯೆಹೋಶುವನ ಪುಸ್ತಕದ 22ನೇ ಅಧ್ಯಾಯದಲ್ಲಿ, ನೀವು ಇಷ್ಟು ದಿನ ನಿಮ್ಮ ಸಹೋದರರ ಕೈಬಿಡಲಿಲ್ಲ ಎಂದು ಹೇಳಿ, ಮೋಶೆಯ ನಂತರ ನಾಯಕನಾದ ಯೆಹೋಶುವ ಅವರನ್ನು ಆಶೀರ್ವದಿಸಿ ಮನೆಗೆ ಕಳಿಸುತ್ತಾನೆ. ಮೋಶೆ ಎಚ್ಚರಿಸಿದ ಆ ಪಾಪ ನಡೆಯಲೇ ಇಲ್ಲ.

ಹಾಗಾದರೆ ತಪ್ಪಿಗೆ ಫಲವೇ ಇಲ್ಲವಾ? ಇದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಹಾಗಂತ ನೀರು ಕುಡಿಯುವವರನ್ನೆಲ್ಲ ಹಿಡಿದು, ‘ನೀವು ಉಪ್ಪು ತಿಂದಿದ್ದೀರಿ’ ಅನ್ನೋಕಾಗಲ್ಲ. ಯೇಸುವಿನ ಕಾಲದಲ್ಲೂ ಜನ ಹೀಗೆಯೇ ಯೋಚಿಸುತ್ತಿದ್ದರು. ಬೈಬಲಿನಲ್ಲಿ ಲೂಕನ ಸುವಾರ್ತೆಯ 13ನೇ ಅಧ್ಯಾಯ ನೋಡಿ. ಸಿಲೋವದಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಯೆರೂಸಲೇಮಿನ ಬೇರೆಯವರಿಗಿಂತ ಅವರು ಹೆಚ್ಚು ತಪ್ಪಿತಸ್ಥರೆಂದು ಎಣಿಸುತ್ತೀರಾ ಎಂದು ಯೇಸು ಕೇಳುತ್ತಾನೆ. ಇಲ್ಲ ಎಂದು ತಾನೇ ಉತ್ತರ ಕೊಡುತ್ತಾನೆ. ಅಷ್ಟಕ್ಕೇ ಬಿಡದೆ, ನೀವು ಮನಸ್ಸು ತಿರುಗಿಸಿಕೊಳ್ಳಿ ಎಂದು ಕೇಳುತ್ತಾ ನಿಂತವರ ಕಡೆಗೇ ಮಾತು ತಿರುಗಿಸುತ್ತಾನೆ.

ಅಮ್ಮನಿಗೆ ಈ ಭಾಗವನ್ನೂ ಓದಿ ಹೇಳಿ. ಸಾಧ್ಯವಾದರೆ ತಮ್ಮನ ಮಂಚದ ಪಕ್ಕದಲ್ಲೇ ಕೂತು ಓದಿ. ಅವನ ಮನಸ್ಸಿನಲ್ಲೂ ಅದೇ ಪ್ರಶ್ನೆ ಇರಬಹುದು, ಅಲ್ವಾ?